ಅಕ್ಕುತಾಯಿಯ ‘ಯುವರ್ಸ್’

ಚಿಕ್ಕೋಡಿಯಲ್ಲಿ ಕಚೇರಿಗಳಿರುವ ರಸ್ತೆಯ ಪಕ್ಕ, ಬೇವಿನ ಗಿಡದ ಬುಡದಲ್ಲಿ, ನಾಲ್ಕು ಟೈಪಿಂಗ್ ಮೇಜುಗಳಿದ್ದವು. ಮೂರರ ಹಿಂದೆ ಗಂಡಸರು ಕೂರುತ್ತಿದ್ದರು. ನಾಲ್ಕನೆಯದು ಅಕ್ಕುತಾಯಿಯದು. ನಾನು ಆಕೆಯನ್ನು ಮೊದಲು ನೋಡಿದಾಗ ಆಕೆಗೆ ಮೂವತ್ತೆಂಟಿರಬಹುದು. ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಬೆನ್ನು ನೆಟ್ಟಗೆ ಮಾಡಿ ಕೂತು, ಕೀಲಿಗಳ ಕಡೆ ನೋಡದೆ ಬಡಿಯುತ್ತಿದ್ದಳು. ನನ್ನ ಜಾತಿ ಪ್ರಮಾಣಪತ್ರದ ಅರ್ಜಿಯನ್ನು ಮೂರು ನಿಮಿಷದಲ್ಲಿ ಮುಗಿಸಿ, ಹಾಳೆ ಎಳೆದು ಕೈಗೆ ಕೊಟ್ಟು, "ಇಲ್ಲೆ ಸಹಿ ಮಾಡ್ರಿ" ಎಂದು ಬೆರಳು ತೋರಿಸಿದ್ದಳು. ಅಲ್ಲಿ ಏನು ಬರೆದಿತ್ತೋ ನಾನು ಓದಲಿಲ್ಲ. ಯಾರೂ ಓದುತ್ತಿರಲಿಲ್ಲ.

ಆಕೆ ಹುಟ್ಟಿದ್ದು ಬೋರಗಾಂವದಲ್ಲಿ. ತಂದೆ ಜಿನ್ನಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಎರಡು ಪಾವರ್‌ಲೂಮು ಇದ್ದವು. ಆ ಸದ್ದಿನಲ್ಲಿ ಬೆಳೆದವಳು ಪಿಯುಸಿ ಮುಗಿಸಿ ನಿಪ್ಪಾಣಿಯ ಟೈಪಿಂಗ್ ಕ್ಲಾಸಿಗೆ ಸೇರಿದಾಗ ಹದಿನೈದು ಯಂತ್ರಗಳ ಸದ್ದು ಆಕೆಗೆ ಮನೆಯಂತೆಯೇ ಅನ್ನಿಸಿತಂತೆ. ಅಲ್ಲಿ ಕಲಿಸುತ್ತಿದ್ದವರು ಒಂದು ಮಾತನ್ನು ದಿನಾ ಹೇಳುತ್ತಿದ್ದರು: "ಅರ್ಥಕ್ಕ ಹೋಗಬ್ಯಾಡ್ರಿ, ಅಕ್ಷರ ನೋಡ್ರಿ. ಅರ್ಥಕ್ಕ ಹೋದಾಕಿ ವೇಗ ಬಿದ್ದ ಹೋಗತೈತಿ." ಅಕ್ಕುತಾಯಿ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಮೊದಲ ದರ್ಜೆಯಲ್ಲಿ ಪಾಸಾದಳು. ಸರ್ಕಾರಿ ನೌಕರಿಗೆ ಆರು ಸಲ ಅರ್ಜಿ ಹಾಕಿದಳು, ಸಿಗಲಿಲ್ಲ. ಮದುವೆಯಾಗಿ ಚಿಕ್ಕೋಡಿಗೆ ಬಂದ ಮೇಲೆ, ಬಸ್ಸು ರಿಪೇರಿ ಮಾಡುವ ಗಂಡ ಭಾವುಸಾಹೇಬನೇ ಹಳೆಯ ಯಂತ್ರವೊಂದನ್ನು ಹುಡುಕಿ ತಂದು, ಎಣ್ಣೆ ಬಿಟ್ಟು ಸರಿ ಮಾಡಿ, ಬೇವಿನ ಗಿಡದ ಕೆಳಗೆ ಮೇಜು ಹಾಕಿಸಿಕೊಟ್ಟ.

ಪಕ್ಕದ ಮೇಜಿನ ತವನಪ್ಪ ಹಿರಿಯ. ಅವನ ಹತ್ತಿರ ಇಂಗ್ಲಿಷ್ ಅರ್ಜಿಗಳ ಮೂವತ್ತು ನಮೂನೆಗಳ ಒಂದು ಫೈಲು ಇತ್ತು. ಅಕ್ಕುತಾಯಿ ಅದನ್ನು ಪೂರ್ತಿ ನಕಲು ಮಾಡಿಕೊಂಡಿದ್ದಳು. ಹೆಸರು, ಊರು, ತಾರೀಖು ಬದಲಿಸಿದರೆ ಅರ್ಜಿ ತಯಾರು. ಎಲ್ಲಾ ನಮೂನೆಗಳೂ ‘ಯುವರ್ಸ್ ಫೇತ್‌ಫುಲಿ’ ಎಂದೇ ಮುಗಿಯುತ್ತಿದ್ದವು. ಕನ್ನಡದಲ್ಲಾದರೆ ‘ತಮ್ಮ ವಿಶ್ವಾಸಿ’. ಹೀಗೆ ಹದಿನಾರು ವರ್ಷ ನಡೆಯಿತು.

ಎರಡು ಸಾವಿರದ ಆರನೆಯ ಇಸವಿಯ ಚಳಿಗಾಲದಲ್ಲಿ ಶೇವಂತಾ ಬಂದಳು.

ರಾಯಬಾಗ ತಾಲೂಕಿನ, ಕೃಷ್ಣಾ ದಂಡೆಯ ಒಂದು ಹಳ್ಳಿಯವಳು. ಅರವತ್ತರ ಹತ್ತಿರದ ವಯಸ್ಸು. ಕೂಲಿ ಕೆಲಸದವಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಯಾರೋ ಹೇಳಿದ್ದರಂತೆ, ಹೆಣ್ಣುಮಗಳೊಬ್ಬಳು ಅರ್ಜಿ ಬರೆಯುತ್ತಾಳೆ, ಅವಳ ಹತ್ತಿರ ಹೋಗು ಎಂದು. ಮೇಜಿನ ಎದುರಿನ ಸ್ಟೂಲಿನ ಮೇಲೆ ಕೂತು, ಚೀಲದಿಂದ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದಳು. ಅದರಲ್ಲಿ ಒಂದು ನಂಬರು, ಒಂದು ಹೆಸರು. ಮೊಮ್ಮಗಳು ಸ್ನೇಹಲ ಬರೆದುಕೊಟ್ಟದ್ದು.

"ಇದು ನಮ್ಮ ಮಾಲಕರ ಮಿಲಿಟ್ರಿ ನಂಬರ್ರಿ. ಅವರ ಟ್ರಂಕಿನ ಮುಚ್ಚಳದ ಮ್ಯಾಲ ಬಿಳೀ ಬಣ್ಣದಾಗ ಬರದಿತ್ತು. ಅದನ್ನ ನೋಡಿ ಬರಸಕೊಂಡ ಬಂದೇನಿ," ಎಂದಳು.

ಮಾಲಕರು ಎಂದರೆ ಗಂಡ. ನಮ್ಮ ಗಡಿಭಾಗದಲ್ಲಿ ಹೆಂಗಸರು ಗಂಡನ ಹೆಸರು ಹೇಳದೆ ಹಾಗೆನ್ನುತ್ತಾರೆ. ಗಂಡನ ಹೆಸರು ದಾದಾಸಾಹೇಬ. ಮದುವೆಗೆ ಮೊದಲು ಆರು ವರ್ಷ ಸೈನ್ಯದಲ್ಲಿದ್ದ. ಅಪ್ಪ ಹಾಸಿಗೆ ಹಿಡಿದನೆಂದು ನೌಕರಿ ಬಿಟ್ಟು ಊರಿಗೆ ಬಂದ. ತೀರಿಕೊಂಡು ಏಳು ವರ್ಷವಾಗಿತ್ತು. ಮನೆಯಲ್ಲಿ ಅವನದೊಂದೇ ಫೋಟೋ ಇತ್ತು, ಗೋಡೆಯ ಮೇಲೆ. ಹಿಂದಿನ ವರ್ಷ ಹೊಳೆ ಉಕ್ಕಿ ಮನೆಯೊಳಗೆ ಎದೆಮಟ್ಟ ನೀರು ನಿಂತಾಗ ಇವರೆಲ್ಲ ಶಾಲೆಯ ಮಾಳಿಗೆಯ ಮೇಲಿದ್ದರು. ನೀರಿಳಿದ ಮೇಲೆ ಚೌಕಟ್ಟು ಕೆಸರಿನಲ್ಲಿ ಸಿಕ್ಕಿತು. ಒಳಗೆ ಮುಖ ಇರಲಿಲ್ಲ.

"ಕಣ್ಣು ಮುಚ್ಚಿದ್ರ ನನಗ ಕಾಣತಾರ್ರಿ. ಆದ್ರ ಮೊಮ್ಮಕ್ಕಳಿಗೆ ಏನ ತೋರಸಲಿ? ಮಿಲಿಟ್ರ್ಯಾಗ ಭರ್ತಿ ಮಾಡಕೊಳ್ಳುವಾಗ ಫೋಟೋ ತಗೀತಾರಂತ. ಅದು ಅವರ ಕಚೇರ್ಯಾಗ ಇದ್ದ ಇರತೈತಿ. ಅದರ ನಕಲ ಕೊಡ್ರಿ ಅಂತ ಬರೀರಿ."

ಇಂಥ ಅರ್ಜಿ ತವನಪ್ಪನ ಫೈಲಿನಲ್ಲಿ ಇರಲಿಲ್ಲ. ಅವನೂ ಅಕ್ಕುತಾಯಿಯೂ ಸೇರಿ, ಪಹಣಿಯ ನಕಲು ಕೇಳುವ ನಮೂನೆಯನ್ನೇ ಹಿಡಿದು, ಪಹಣಿ ಇದ್ದಲ್ಲಿ ಫೋಟೋ ಎಂದು ಹಾಕಿ ಹೇಗೋ ಹೊಂದಿಸಿದರು. ದೂರದ ಊರಿನಲ್ಲಿರುವ ಸೈನ್ಯದ ದಾಖಲೆ ಕಚೇರಿಯ ವಿಳಾಸವನ್ನು ಮಾಜಿ ಸೈನಿಕನೊಬ್ಬನನ್ನು ಕೇಳಿ ತಂದರು. ಅಕ್ಕುತಾಯಿ ಟೈಪ್ ಮಾಡಿ ಹಾಳೆ ಎಳೆದು, ಎಂದಿನಂತೆ ಸಹಿಯ ಜಾಗ ತೋರಿಸಿದಳು.

"ಎಲ್ಲಾ ಓದಿ ಹೇಳ್ರಿ ಅಕ್ಕಾರ," ಎಂದಳು ಶೇವಂತಾ.

"ನೀವು ಹೇಳಿದ್ದನ್ನ ಬರದೇನ್ರಿ ಮಾವಶಿ," ಎಂದಳು ಅಕ್ಕುತಾಯಿ, ಚಿಕ್ಕಮ್ಮನನ್ನು ಕರೆಯುವಂತೆ.

"ಬರದೀರಿ, ಖರೆ. ಆದ್ರೂ ಓದ್ರಿ. ಓದಿಸದ ಸಹಿ ಮಾಡಬ್ಯಾಡ ಅಂತ ಮಾಲಕರು ಹೇಳಿ ಹೋಗ್ಯಾರ."

ಅಕ್ಕುತಾಯಿ ಸಾಲಿನಿಂದ ಸಾಲಿಗೆ ಬೆರಳಿಟ್ಟು ತನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುತ್ತ ಹೋದಳು. ಮೊದಲ ಸಾಲಿನಲ್ಲಿ ‘ಬೆಗ್’ ಎಂಬ ಶಬ್ದವಿತ್ತು. ಬೇಡುತ್ತೇನೆ ಎಂಬ ಅದರ ಅರ್ಥ ಆಗ ಅಕ್ಕುತಾಯಿಗೂ ಗೊತ್ತಿರಲಿಲ್ಲ, ಸುಮ್ಮನೆ ‘ವಿನಂತಿ’ ಎಂದಳು. ಗೊತ್ತಿದ್ದರೆ ಆ ದಿನ ಜಗಳ ಎರಡಾಗುತ್ತಿದ್ದವು. ನಂಬರು, ಹೆಸರು, ಹೊಳೆ, ಫೋಟೋ ಎಲ್ಲಕ್ಕೂ ಶೇವಂತಾ ತಲೆಯಾಡಿಸಿದಳು. ಕೊನೆಗೆ ಒಂದು ಸಾಲು ಉಳಿಯಿತು.

"ಇಲ್ಲೆ ಏನೈತಿ?"

"ಅದು ಯುವರ್ಸ್ ಫೇತ್‌ಫುಲಿ. ಎಲ್ಲಾ ಅರ್ಜಿಗೂ ಇರತೈತ್ರಿ."

"ಅಂದ್ರ?"

"ತಮ್ಮ ವಿಶ್ವಾಸಿ ಅಂತ."

"ತಮ್ಮ ಅಂದ್ರ?"

ಇಷ್ಟು ವರ್ಷಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅಕ್ಕುತಾಯಿ ಸ್ವಲ್ಪ ಯೋಚಿಸಿ, "ತಮ್ಮ ಅಂದ್ರ ನಿಮ್ಮ. ನಾ ನಿಮ್ಮಾಕಿ, ವಿಶ್ವಾಸದಾಕಿ ಅಂತ ಸಾಹೇಬರಿಗೆ ಹೇಳಿದಂಗ," ಎಂದಳು.

ಶೇವಂತಾ ಪೆನ್ನನ್ನು ಮೇಜಿನ ಮೇಲಿಟ್ಟಳು. "ಆ ಸಾಹೇಬನ್ನ ನಾ ನೋಡಿಲ್ಲ. ಅಂವ ನನ್ನ ನೋಡಿಲ್ಲ. ನಾ ಅವನಾಕಿ ಹೆಂಗ ಆಗತೇನಿ?"

"ಹಂಗಲ್ರಿ ಮಾವಶಿ, ಅದು ಬರಿಯೂ ಪದ್ಧತಿ."

"ಪದ್ಧತಿ ನನಗ ಗೊತ್ತೈತ್ರಿ," ಎಂದು ಶೇವಂತಾ ಸಮಾಧಾನದಿಂದಲೇ ಹೇಳತೊಡಗಿದಳು. ಆಕೆ ಸಣ್ಣವಳಿದ್ದಾಗ ಊರಲ್ಲಿ ಯಾರಾದರೂ ಎದುರಾದರೆ ಹೆಸರು ಕೇಳುತ್ತಿರಲಿಲ್ಲ. ‘ನೀ ಯಾರಾಕಿ?’ ಎನ್ನುತ್ತಿದ್ದರು. ಯಾವ ದೊಡ್ಡವರ ಹೊಲದಲ್ಲಿ ದುಡಿಯುತ್ತಾರೋ ಆ ಮನೆಯ ಹೆಸರು ಹೇಳಿ ‘ಅವರಾಕಿ’ ಎನ್ನಬೇಕಿತ್ತು. ಆಕೆಯ ಅವ್ವನೂ ಹಾಗೇ ಹೇಳಿದ್ದಳು, ಅಜ್ಜಿಯೂ. ದಾದಾಸಾಹೇಬ ಸೈನ್ಯದಿಂದ ಬಂದವನು ಅದನ್ನು ನಿಲ್ಲಿಸಿದ. ಮದುವೆಯಾದ ವರ್ಷವೇ ಇಬ್ಬರೂ ಬೌದ್ಧ ಧರ್ಮದ ದೀಕ್ಷೆ ತೆಗೆದುಕೊಂಡರು. ಅವತ್ತು ಮನೆಗೆ ಬಂದು ಅವನು ಹೆಂಡತಿಗೆ ಹೇಳಿದ್ದು ಒಂದೇ ಮಾತು: ಇನ್ನು ಮೇಲೆ ಯಾರಾದರೂ ಕೇಳಿದರೆ ನಿನ್ನ ಹೆಸರು ಹೇಳು.

"ನಾ ಅವತ್ತಿಂದ ಹೆಸರ ಹೇಳಿಕೊಂತ ಬಂದೇನ್ರಿ. ಈಗ ಅವರ ಫೋಟೋ ಕೇಳಾಕ ಹೋಗಿ, ಮತ್ತ ನಾ ಯಾರಾಕಿನೋ ಅಂತ ಬರೀಲೇನ? ಬ್ಯಾರೇ ಶಬ್ದ ಹಾಕ್ರಿ."

ಅಕ್ಕುತಾಯಿಗೆ ಸ್ವಲ್ಪ ಸಿಟ್ಟೂ ಬಂತು. "ಗಂಡಗ ಮಾಲಕ ಅಂತೀರಿ. ಅದಕ್ಕ ಅಡ್ಡಿ ಇಲ್ಲೇನ?"

ಶೇವಂತಾ ನಕ್ಕಳು. "ಅವರೂ ನನಗ ಮಾಲಕೀಣ ಅಂತಿದ್ರು. ಇಬ್ಬರೂ ಅಂದ್ರ ಅಡ್ಡಿ ಇಲ್ಲ."

ತವನಪ್ಪ ತನ್ನ ಮೇಜಿನಿಂದಲೇ, ಆ ಸಾಲು ಇಲ್ಲದಿದ್ದರೆ ಅರ್ಜಿಯನ್ನು ಕಸದ ಬುಟ್ಟಿಗೆ ಹಾಕುತ್ತಾರೆ ಎಂದ. ಅಕ್ಕುತಾಯಿಗೆ ಏನು ಮಾಡುವುದೆಂದು ತೋಚಲಿಲ್ಲ. ಮುಂದಿನ ಸಂತೆಯ ದಿನ ಬರಲು ಹೇಳಿ ಆಕೆಯನ್ನು ಕಳಿಸಿದಳು. ಆದರೆ ಅವತ್ತು ಮಧ್ಯಾಹ್ನ ಬಂದ ಅರ್ಜಿಗಳಲ್ಲೆಲ್ಲ ಆ ಸಾಲು ಬಂದಾಗ ಬೆರಳು ಒಂದು ಕ್ಷಣ ನಿಲ್ಲುತ್ತಿತ್ತಂತೆ. ಟೈಪಿಂಗ್ ಕಲಿತಾಗಿನಿಂದ ಮೊದಲ ಸಲ ಆಕೆ ಅರ್ಥಕ್ಕೆ ಹೋಗಿದ್ದಳು.

ಮರುದಿನ ಬೆಳಿಗ್ಗೆ ಮೇಜಿಗೆ ಬರುವ ಮೊದಲು ಆಕೆ ವಿರುಪಾಕ್ಷಪ್ಪ ಮಾಸ್ತರರ ಮನೆಗೆ ಹೋದಳು. ಕಾಗವಾಡದ ಕಡೆ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಚಿಕ್ಕೋಡಿಯಲ್ಲಿ ಮಗಳ ಮನೆಯಲ್ಲಿದ್ದವರು. ಅರ್ಜಿಯ ಕಾರ್ಬನ್ ಪ್ರತಿಯನ್ನು ಅವರ ಕೈಗೆ ಕೊಟ್ಟಳು. ಅವರು ಓದುವ ಮೊದಲೇ ಜೇಬಿನಿಂದ ಕೆಂಪು ಪೆನ್ನು ತೆಗೆದು ಕೊನೆಯ ಸಾಲಿಗೆ ಸುತ್ತು ಹಾಕಿದರು.

"ಯುವರ್ಸ್‌ನ್ಯಾಗ ಆರ್ ಮತ್ತ ಎಸ್ ನಡುವ ಈ ಮ್ಯಾಲಿನ ಕೊಂಡಿ, ಅಪಾಸ್ಟ್ರಫಿ, ಯಾಕ ಹಾಕೀ?"

"ಹಾಕಬೇಕಲ್ರಿ ಸರ್? ನಮೂನೆದಾಗ ಹಂಗ ಐತಿ."

"ನಮೂನಿನ ತಪ್ಪೈತಿ. ರಾಮನ ಪುಸ್ತಕ, ಸೀತಾನ ಪುಸ್ತಕ ಅನ್ನುವಾಗ ಇಂಗ್ಲಿಷಿನ್ಯಾಗ ಹೆಸರಿನ ಮುಂದ ಆ ಕೊಂಡಿ ಬರತೈತಿ. ಯುವರ್ಸ್‌ಗೆ ಬ್ಯಾಡ. ಅದು ಮೊದಲ ‘ನಿಮ್ಮದು’ ಅಂತ ಹೇಳಿ ಮುಗಿಸೇತಿ."

ಅಕ್ಕುತಾಯಿ ತಲೆ ತಗ್ಗಿಸಿದಳು. ಹದಿನಾರು ವರ್ಷ, ದಿನಕ್ಕೆ ಹತ್ತೋ ಹದಿನೈದೋ ಇಂಗ್ಲಿಷ್ ಅರ್ಜಿ. ಪ್ರತಿಯೊಂದರಲ್ಲೂ ಆ ಕೊಂಡಿ. ತಹಶೀಲ್ದಾರರು, ವಕೀಲರು, ಬ್ಯಾಂಕಿನವರು ಎಲ್ಲರೂ ನೋಡಿದ್ದರು, ಒಬ್ಬರೂ ಹೇಳಿರಲಿಲ್ಲ. ತಪ್ಪಿಲ್ಲದೆ ಟೈಪ್ ಮಾಡುತ್ತೇನೆ ಎಂಬ ಹೆಮ್ಮೆಯೊಂದೇ ಆಕೆಯ ಹತ್ತಿರ ಇದ್ದದ್ದು. ಕಣ್ಣು ತುಂಬಿ ಬಂತು.

ಮಾಸ್ತರರು ಗಮನಿಸಿದರು. "ಇದಕ್ಕ ಯಾಕ ಅಳತೀ ತಾಯಿ? ಎರಡು ನೂರು ವರ್ಷದ ಹಿಂದ ಖುದ್ದ ಇಂಗ್ಲೆಂಡಿನವರ ಛಾಪಿಸಿದ ಪುಸ್ತಕದಾಗೂ ಈ ಕೊಂಡಿ ಇರತಿತ್ತು. ಆಮ್ಯಾಲ ಬ್ಯಾಡಂತ ಬಿಟ್ರು. ನೀ ಸ್ವಲ್ಪ ತಡಾ ಬಿಟ್ಟಿ, ಇಷ್ಟ." ಮಗಳು ಗಿರಿಜವ್ವ ಚಹಾ ತಂದಿಟ್ಟಳು. ಅದನ್ನು ಕುಡಿದ ಮೇಲೆ ಅಕ್ಕುತಾಯಿ ತಾನು ಬಂದ ಕಾರಣ ಹೇಳಿದಳು. ಶೇವಂತಾಳ ಪ್ರಶ್ನೆಯನ್ನು ಕೇಳುತ್ತ ಮಾಸ್ತರರು ಕುರ್ಚಿಯಲ್ಲಿ ಮುಂದೆ ಸರಿದು ಕೂತರು.

"ಮೂವತ್ತು ವರ್ಷ ಕಲಿಸೇನಿ. ಇದನ್ನ ಒಬ್ಬ ವಿದ್ಯಾರ್ಥಿನೂ ಕೇಳಲಿಲ್ಲ ನೋಡು," ಎಂದು, ಪಾಠ ಮಾಡುವ ದನಿಯಲ್ಲಿ ಶುರು ಮಾಡಿದರು.

"ಯುವರ್ ಅಂದ್ರ ನಿಮ್ಮ. ಅದಕ್ಕ ಬಾಜೂಕ ಇನ್ನೊಂದು ಶಬ್ದ ಬೇಕು. ಯುವರ್ ಬುಕ್, ನಿಮ್ಮ ಪುಸ್ತಕ. ಯುವರ್ಸ್ ಹಂಗಲ್ಲ, ಅದು ಒಂದ ನಿಲ್ಲತೈತಿ. ನಮ್ಮಲ್ಲೆ ನಿಮ್ಮಂವ, ನಿಮ್ಮಾಕಿ, ನಿಮ್ಮದು ಅಂತ ಬ್ಯಾರೆ ಬ್ಯಾರೆ ಅದಾವು. ಅವರಲ್ಲೆ ಎಲ್ಲಾಕ್ಕೂ ಯುವರ್ಸ್ ಒಂದ."

"ಅದು ಎಲ್ಲಿಂದ ಬಂತ್ರಿ?"

"ಮೊದಲ ಅವರಲ್ಲೆ ಈ ಎಸ್ ಇರಲಿಲ್ಲ. ಬರೇ ಯುವರ್ ಅಂತ ಎರಡಕ್ಕೂ ನಡಸತಿದ್ರು. ಆರೇಳು ನೂರು ವರ್ಷದ ಹಿಂದ ಇಂಗ್ಲೆಂಡಿನ ಉತ್ತರದ ಕಡೀ ಮಂದಿ, ಹಿಸ್ ಅನ್ನೂ ಶಬ್ದದ ಹಂಗ ಇದಕ್ಕೂ ಒಂದು ಎಸ್ ಹಚ್ಚಿ ಮಾತಾಡಾಕ ಹತ್ತಿದ್ರು. ದಕ್ಷಿಣದಾಗ ಮತ್ತ ನಡುವಿನ ಭಾಗದಾಗ ಯುವರ್ನ್ ಅಂತಿದ್ರು. ಕಡೀಕ ಗೆದ್ದದ್ದು ಉತ್ತರದವರ ಮಾತು." ಮಾಸ್ತರರಿಗೆ ಇದನ್ನು ಹೇಳುವಾಗ ಬಹಳ ಖುಷಿಯಾಗಿತ್ತು. "ನಮ್ಮ ಮಾತು ಕೇಳಿ ಮೈಸೂರ ಕಡೀ ಮಂದಿ ನಗತಾರಲ್ಲ, ಅವರಲ್ಲೆನೂ ಹಂಗ ನಕ್ಕಿರಬೇಕು. ಇವತ್ತ ದಿಲ್ಲಿ ಸಾಹೇಬ ಸೈತ ಅವರ ಯುವರ್ಸ್ ಬರೀತಾನ."

ಅಕ್ಕುತಾಯಿ ಕೇಳುತ್ತಲೇ ಇದ್ದಳು. ಮಾಸ್ತರರು ಇನ್ನೊಂದು ಮಾತು ಹೇಳಿದರು. ಹಳೆಯ ಇಂಗ್ಲಿಷಿನಲ್ಲಿ ಕನ್ನಡದ ಹಾಗೆ, ಮರಾಠಿಯ ಹಾಗೆ, ನೀನು ಬೇರೆ, ನೀವು ಬೇರೆ ಇತ್ತು. ಒಬ್ಬನಿಗೆ, ಸಲಿಗೆಯವನಿಗೆ, ಕೆಳಗಿನವನಿಗೆ ‘ದೈನ್’, ಅಂದರೆ ನಿನ್ನದು. ಬಹಳ ಮಂದಿಗೆ ಇಲ್ಲವೆ ದೊಡ್ಡವರಿಗೆ ‘ಯುವರ್ಸ್’, ಅಂದರೆ ನಿಮ್ಮದು. ಬರಬರುತ್ತ ಜನ ಎದುರಿಗಿದ್ದವನು ದೊಡ್ಡವನೋ ಸಣ್ಣವನೋ ಎಂಬ ಗೊಡವೆ ಬಿಟ್ಟು ಎಲ್ಲರಿಗೂ ‘ಯುವರ್ಸ್’ ಎನ್ನತೊಡಗಿದರು. ದಿನದ ಮಾತಿನಿಂದ ‘ದೈನ್’ ಹೋಗಿಯೇ ಬಿಟ್ಟಿತು.

"ಅಂದ್ರ ಇಂಗ್ಲಿಷಿನ್ಯಾಗ ಯಾರಿಗೂ ನೀ ಅನ್ನಾಕ ಬರೂದಿಲ್ಲೇನ್ರಿ?"

"ಬರೂದಿಲ್ಲ. ರಾಷ್ಟ್ರಪತಿಗೂ ಅದ, ಕಸಾ ಹೊಡಿಯಾಕಿಗೂ ಅದ."

ಅಕ್ಕುತಾಯಿ ಎದ್ದು ನಿಂತು, ಬಾಗಿಲಲ್ಲಿ ತಿರುಗಿ ಕೊನೆಯ ಪ್ರಶ್ನೆ ಕೇಳಿದಳು. ಹಾಗೆ ಬರೆದರೆ ಬರೆದವಳು ಅವರ ಸ್ವತ್ತಾದಂತೆ ಅಲ್ಲವೇ ಎಂದು.

"ನೀ ಬಸ್‌ಸ್ಟ್ಯಾಂಡಿನ್ಯಾಗ ನಿಂತು ‘ನಮ್ಮ ಬಸ್ ಹೋತು’ ಅಂತೀ. ಬಸ್ ನಿಂದೇನ? ನಮ್ಮ ಊರು, ನಿಮ್ಮ ಮಾಸ್ತರ ಅಂತೀವಿ. ಯಾರೂ ಯಾರನ್ನೂ ಖರೀದಿ ಮಾಡಿರೂದಿಲ್ಲ. ಸಂಬಂಧ ಹೇಳೂ ಮಾತು ಅದು. ಮತ್ತ ಒಂದು ಹೇಳು ಆಕಿಗೆ, ಆ ಸಾಹೇಬ ಉತ್ತರ ಬರದ್ರ ಅಂವನೂ ಕೆಳಗ ಇದನ್ನ ಬರೀತಾನ."

ಸಂತೆಯ ದಿನ ಶೇವಂತಾ ಬಂದಾಗ ಅಕ್ಕುತಾಯಿ ಇದೆಲ್ಲವನ್ನೂ ಹೇಳಿದಳು. ಉತ್ತರದ ಮಂದಿ, ದಕ್ಷಿಣದ ಮಂದಿ, ನೀನು, ನೀವು. ಶೇವಂತಾ ಗಮನವಿಟ್ಟು ಕೇಳಿ, "ಚಲೋ ಹೇಳ್ಯಾರ ಮಾಸ್ತರ. ಆದ್ರ ಆ ಸಾಹೇಬ ಬರೀತಾನಂತ ಅವರು ಅಂತಾರ. ಅಂವ ಮೊದಲ ಬರೀಲಿ, ಆಮ್ಯಾಲ ನಾ ಬರೀತೇನಿ," ಎಂದಳು.

ಅಕ್ಕುತಾಯಿ ವಾದಿಸಲಿಲ್ಲ. ಹೊಸ ಹಾಳೆ ಏರಿಸಿದಳು. ತವನಪ್ಪ ನೋಡುತ್ತಿದ್ದಂತೆಯೇ, ಕೊನೆಯ ಸಾಲಿಲ್ಲದ ಅರ್ಜಿಯನ್ನು ಟೈಪ್ ಮಾಡಿದಳು. ಕೆಳಗೆ ಬರೀ ‘ಶೇವಂತಾ, ದಿವಂಗತ ದಾದಾಸಾಹೇಬರ ಹೆಂಡತಿ’ ಎಂದಷ್ಟೇ. ಶೇವಂತಾ ಅದರ ಮೇಲೆ ನಿಧಾನವಾಗಿ, ಅಕ್ಷರಕ್ಕೆ ಅಕ್ಷರ ಜೋಡಿಸಿ, ಸಹಿ ಮಾಡಿದಳು. ರಿಜಿಸ್ಟರ್ ಟಪಾಲಿನಲ್ಲಿ ಅದು ಹೋಯಿತು.

ತಿಂಗಳುಗಳು ಕಳೆದವು. ಅಕ್ಕುತಾಯಿಗೆ ಹೆದರಿಕೆ. ತನ್ನಿಂದಾಗಿ ಆ ಮುದುಕಿಯ ಅರ್ಜಿ ಕಸಕ್ಕೆ ಹೋಯಿತೇನೋ ಎಂದು ಭಾವುಸಾಹೇಬನ ಹತ್ತಿರ ಹೇಳಿಕೊಂಡಳು. ಅವನು, "ಮುಖಾ ನೋಡಬೇಕಂತ ಬರದಾಳ. ಓದಿದಂವ ಕೊನೀ ಸಾಲ ನೋಡತಾನೇನ?" ಎಂದ. ಈ ನಡುವೆ ಆಕೆ ಎಲ್ಲಾ ನಮೂನೆಗಳ ಮೇಲಿನ ಕೊಂಡಿಯನ್ನು ಬ್ಲೇಡಿನಿಂದ ಕೆರೆದು ತೆಗೆದಿದ್ದಳು. ವಾರಕ್ಕೆರಡು ಬೆಳಿಗ್ಗೆ ಒಂದೊಂದು ನಮೂನೆ ಹಿಡಿದು ಮಾಸ್ತರರ ಮನೆಗೆ ಹೋಗಿ, ಪ್ರತಿ ಸಾಲಿನ ಅರ್ಥ ಬರೆದುಕೊಂಡು ಬರತೊಡಗಿದ್ದಳು. ‘ಬೆಗ್’ ಗೊತ್ತಾದದ್ದು ಆಗಲೇ. ಅದನ್ನೂ ತೆಗೆದಳು.

ಮಳೆಗಾಲದ ಕೊನೆಯಲ್ಲಿ ಶೇವಂತಾ ಬಂದಳು, ಜೊತೆಗೆ ಸ್ನೇಹಲ. ಹೈಸ್ಕೂಲಿನ ಹುಡುಗಿ. ಕೈಯಲ್ಲಿ ಕಂದು ಬಣ್ಣದ ಲಕೋಟೆ. ಒಡೆದಿರಲಿಲ್ಲ. "ಇಲ್ಲೆ ಒಡೀಬೇಕಂತ ಆಯಿ ತಂದಾಳ್ರಿ," ಎಂದಳು ಸ್ನೇಹಲ.

ಒಂದೇ ಹಾಳೆ. ಮೇಲೆ ‘ಶ್ರೀಮತಿ ಶೇವಂತಾ’ ಎಂದು ಹೆಸರು. ಅರ್ಜಿ ತಲುಪಿದೆ, ದಾಖಲೆ ಹುಡುಕುತ್ತಿದ್ದೇವೆ, ನೀವು ಅವರ ಹೆಂಡತಿ ಎಂಬುದಕ್ಕೆ ಗ್ರಾಮ ಪಂಚಾಯತಿಯ ಪ್ರಮಾಣಪತ್ರ ಕಳಿಸಬೇಕು ಎಂದಿತ್ತು. ಅಕ್ಕುತಾಯಿ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಈಗ ಆಕೆ ತಡವರಿಸುತ್ತಿರಲಿಲ್ಲ.

"ಕೆಳಗ?" ಎಂದಳು ಶೇವಂತಾ.

"ಕೆಳಗ ಐತ್ರಿ ಮಾವಶಿ. ಯುವರ್ಸ್ ಫೇತ್‌ಫುಲಿ. ಅದರ ಕೆಳಗ ಮೇಜರ್ ಸಾಹೇಬರ ಸಹಿ."

"ಎಲ್ಲೈತಿ ತೋರಸ್ರಿ."

ಅಕ್ಕುತಾಯಿ ತೋರಿಸಿದಳು. ಶೇವಂತಾ ಕೈಬೆರಳನ್ನು ಸೀರೆಗೆ ಒರೆಸಿಕೊಂಡು ಆ ಶಬ್ದದ ಮೇಲೆ ಇಟ್ಟಳು. ಸ್ನೇಹಲ ಬಗ್ಗಿ ಓದಿ, "ಹೌದ ಆಯಿ, ಯುವರ್ಸ್ ಅಂತನ ಐತಿ," ಎಂದಳು.

"ಅಂದ್ರ ಮೇಜರ್ ಸಾಹೇಬ್ರು ನನಗ ನಾ ನಿಮ್ಮಂವ ಅಂತ ಬರದಾರೇನ?"

"ನಿಮ್ಮಂವ ಅಂತ. ನೀವು ಅಂತ ಬಹುವಚನ ಹಚ್ಚಿ."

ಶೇವಂತಾ ಕಾಗದವನ್ನು ಮಡಿಚಿ ಲಕೋಟೆಗೆ ಹಾಕಿದಳು. ಆಮೇಲೆ, "ಹಂಗಾರ ಈಗ ನಂದರಾಗೂ ಹಾಕ್ರಿ," ಎಂದಳು. ಪ್ರಮಾಣಪತ್ರದ ಜೊತೆ ಹೋದ ಎರಡನೆಯ ಕಾಗದದ ಕೊನೆಯಲ್ಲಿ ಯುವರ್ಸ್ ಇತ್ತು, ಕೊಂಡಿಯಿಲ್ಲದ್ದು. ಶೇವಂತಾ ಸಂಶಯವಿಲ್ಲದೆ ಸಹಿ ಮಾಡಿದಳು.

ಫೋಟೋ ಬಂದದ್ದು ಮರುವರ್ಷ, ಯುಗಾದಿಯ ಹಿಂದಿನ ವಾರ. ಅಂಗೈಯಷ್ಟು ದೊಡ್ಡ ಕಪ್ಪು ಬಿಳುಪು ಪ್ರತಿ. ಎದೆಯ ಮುಂದೆ ನಂಬರಿನ ಹಲಗೆ ಹಿಡಿದ, ತಲೆ ಬೋಳಿಸಿದ, ಹತ್ತೊಂಬತ್ತರ ಹುಡುಗ. ಕಿವಿಗಳು ಎರಡೂ ಬದಿಗೆ ಚಾಚಿಕೊಂಡಿದ್ದವು. ಶೇವಂತಾ ಅದನ್ನು ಹಿಡಿದುಕೊಂಡು ಚಿಕ್ಕೋಡಿಗೆ ಬಂದಳು, ಟೈಪ್ ಮಾಡಿಸುವುದೇನೂ ಇರಲಿಲ್ಲ, ತೋರಿಸಬೇಕೆಂದಷ್ಟೇ.

"ಇವರನ್ನ ನಾ ನೋಡ ಇರಲಿಲ್ರಿ ಅಕ್ಕಾರ. ಲಗ್ನದಾಗ ಮೀಸಿ ಬಿಟ್ಟಿದ್ರು. ಇದು ಸಣ್ಣ ಹುಡುಗ ಐತಿ, ನನ್ನ ಮೊಮ್ಮಗನಂಗ," ಎಂದು ನಗುತ್ತಲೇ ಇದ್ದಳು. ನಗುತ್ತ ಕಣ್ಣು ಒರೆಸಿಕೊಂಡಳು. ತವನಪ್ಪನೂ ಎದ್ದು ಬಂದು ನೋಡಿ, ಕಿವಿ ನೋಡಿದರೆ ಭಾರೀ ಅದೃಷ್ಟದವರು ಎಂದ. ಆ ಸುದ್ದಿ ರಾಯಬಾಗದ ಹಳ್ಳಿಗಳಲ್ಲಿ ಹೇಗೆ ಹರಡಿತೋ, ಹೊಳೆಯಲ್ಲಿ ಕಾಗದಪತ್ರ ಕಳೆದುಕೊಂಡವರು ಒಬ್ಬೊಬ್ಬರಾಗಿ ಅಕ್ಕುತಾಯಿಯನ್ನು ಕೇಳಿಕೊಂಡು ಬರತೊಡಗಿದರು. ಆಕೆ ಈಗ ಯಾರಿಗೂ ಓದಿ ಹೇಳದೆ ಸಹಿ ಮಾಡಿಸುತ್ತಿರಲಿಲ್ಲ. ವೇಗ ಬಿತ್ತು. ಆದರೆ ಸ್ಟೂಲು ಖಾಲಿ ಇರಲಿಲ್ಲ.

ಅಷ್ಟರಲ್ಲಿ ಕಂಪ್ಯೂಟರು ಬಂತು. ರಸ್ತೆಯ ಆಚೆ ಪ್ರಾಜಕ್ತಾ ಎಂಬ ಹುಡುಗಿ ಡಿಟಿಪಿ ಅಂಗಡಿ ತೆಗೆದಳು. ಗಿಡದ ಕೆಳಗಿನ ಇಬ್ಬರು ಮೇಜು ಎತ್ತಿಕೊಂಡು ಹೋದರು. ಅಕ್ಕುತಾಯಿಯೂ ಯಂತ್ರ ಮಾರಬೇಕೆಂದಿದ್ದಳು. ಒಂದು ದಿನ ಪ್ರಾಜಕ್ತಾಳೇ ರಸ್ತೆ ದಾಟಿ ಬಂದಳು. "ಕಾಕೂ, ನನ್ನ ಕಡೆ ಮಷಿನ್ ಐತಿ, ಬಂದವರಿಗೆ ಏನ ಬೇಕು ಅಂತ ನನಗ ತಿಳೀವಲ್ದು. ನೀವು ಹೇಳ್ರಿ, ನಾ ಟೈಪ್ ಮಾಡತೇನಿ," ಎಂದಳು. ಎರಡು ತಿಂಗಳಲ್ಲಿ ಅಕ್ಕುತಾಯಿ ಕಂಪ್ಯೂಟರ್ ಕಲಿತಳು, ಪ್ರಾಜಕ್ತಾ ಅರ್ಜಿ ಬರೆಯುವುದನ್ನು ಕಲಿತಳು. ಬೆಳಿಗ್ಗೆ ಅಂಗಡಿಯಲ್ಲಿ, ಮಧ್ಯಾಹ್ನ ಗಿಡದ ಕೆಳಗೆ ಹೀಗೆ ಕೆಲವು ವರ್ಷ ನಡೆಯಿತು.

ಎರಡು ಸಾವಿರದ ಹನ್ನೆರಡರಲ್ಲಿ ರಸ್ತೆ ಅಗಲ ಮಾಡುವ ಕೆಲಸ ಬಂತು. ಬೇವಿನ ಗಿಡ ಕಡಿಯುತ್ತಾರೆ, ಕೆಳಗೆ ಕೂರುವ ಟೈಪಿಸ್ಟರು, ಫಾರ್ಮು ಮಾರುವವರು, ಜೆರಾಕ್ಸಿನವನು ಎಲ್ಲರೂ ಜಾಗ ಬಿಡಬೇಕು ಎಂದು ನೋಟೀಸು ಅಂಟಿಸಿದರು. ಏಳು ಮಂದಿ. ತವನಪ್ಪನಿಗೆ ಆಗ ಎಪ್ಪತ್ತು. "ನನ್ನ ಫೈಲಿನ್ಯಾಗ ಇದಕ್ಕ ನಮೂನಿ ಇಲ್ಲವಾ," ಎಂದು ಕೈ ಚೆಲ್ಲಿದ.

ಅಕ್ಕುತಾಯಿ ತಾನೇ ಕೂತು ಬರೆದಳು. ಮೊದಲು ಕನ್ನಡದಲ್ಲಿ, ಬೆಂಗಳೂರಿನ ಮೇಲಧಿಕಾರಿಗೆ ಕಳಿಸಲು ಒಂದು ಇಂಗ್ಲಿಷಿನಲ್ಲಿ. ಯಾವ ನಮೂನೆಯನ್ನೂ ನೋಡದೆ ಇಂಗ್ಲಿಷಿನಲ್ಲಿ ಆಕೆ ಬರೆದ ಮೊದಲ ಕಾಗದ ಅದು. ಬರೆಯಲು ನಾಲ್ಕು ದಿನ ಹಿಡಿಯಿತು. ಬೇಡಿಕೆ ಚಿಕ್ಕದು: ಹೊಸ ಕಾಂಪೌಂಡಿನ ಒಳಗೆ, ನೀರಿನ ಟಾಕಿಯ ಪಕ್ಕದ ಖಾಲಿ ಜಾಗದಲ್ಲಿ ಒಂದು ತಗಡಿನ ಶೆಡ್ಡು, ಅರ್ಜಿದಾರರಿಗೆ ಕೂರಲು ಎರಡು ಬೆಂಚು. ಮಾಸ್ತರರಿಗೆ ತೋರಿಸಿದಾಗ ಅವರು ಕೆಂಪು ಪೆನ್ನು ತೆಗೆದರು, ಒಂದು ಕಡೆ ಮಾತ್ರ ಗೀಟು ಹಾಕಿದರು.

ವಿಚಾರಣೆಗೆ ಏಳು ಜನರನ್ನೂ ಕರೆದರು. ಎಲ್ಲರ ಪರವಾಗಿ ಅಕ್ಕುತಾಯಿ ನಿಂತಳು. ಹೊಸದಾಗಿ ಬಂದ ತರುಣ ಅಧಿಕಾರಿ ಕಾಗದ ನೋಡುತ್ತ, "ನೀವು ಕುಳಿತಿರುವ ಜಾಗ ಯಾರದು?" ಎಂದು ಕೇಳಿದ.

"ಜಾಗ ಸರ್ಕಾರದ್ದರಿ. ಕೆಲಸ ನಮ್ಮದು," ಎಂದಳು ಅಕ್ಕುತಾಯಿ. "ಹಳ್ಳಿಂದ ಬರೂ ಮಂದಿ ನಿಮ್ಮವರು. ಅವರು ಬಿಸಿಲಾಗ ನಿಂತು ಸಹಿ ಮಾಡಬಾರದು ಅಂತ ಕೇಳಾಕತ್ತೇವಿ."

ಅಧಿಕಾರಿ ತಲೆಯೆತ್ತಿ ನೋಡಿದ. "ಈ ಕಾಗದ ಯಾರು ಬರೆದುಕೊಟ್ಟರು?"

"ನಾನ ಬರದೇನ್ರಿ."

ಶೆಡ್ಡು ಆಗಲು ಒಂದು ವರ್ಷ ಬೇಕಾಯಿತು. ಕೇಳಿದ್ದಕ್ಕಿಂತ ಸ್ವಲ್ಪ ಚಿಕ್ಕದಾಯಿತು. ಬೆಂಚು ಎರಡರ ಬದಲು ಒಂದೇ ಬಂತು, ಇನ್ನೊಂದನ್ನು ಭಾವುಸಾಹೇಬ ಹಳೆಯ ಬಸ್ಸಿನ ಸೀಟಿನಿಂದ ಮಾಡಿಕೊಟ್ಟ. ತವನಪ್ಪ ಎರಡು ವರ್ಷ ಅಲ್ಲಿ ಕೂತು, ಕಣ್ಣು ಮಂಜಾದ ಮೇಲೆ ತನ್ನ ಮೇಜನ್ನು ಅಥಣಿ ಕಡೆಯ ಒಬ್ಬ ಹೆಣ್ಣುಮಗಳಿಗೆ ಬಿಟ್ಟುಕೊಟ್ಟ. ತೆಲಸಂಗದ ಮಹಿಳಾ ಸಂಘದವರು ಅಕ್ಕುತಾಯಿಯನ್ನು ಕರೆಸಿಕೊಂಡರು. ಮೂರು ಭಾನುವಾರ ಹೋಗಿ, ಅರ್ಜಿ ಓದುವುದು ಹೇಗೆ, ಬರೆಯುವುದು ಹೇಗೆ ಎಂದು ಕಲಿಸಿ ಬಂದಳು. ಅಲ್ಲಿನ ಹೆಂಗಸರು ಕೇಳಿದ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದೆ ಮರಳಿ ಮಾಸ್ತರರ ಹತ್ತಿರ ಬಂದಾಗ ಅವರು, "ನನ್ನ ಕಡೆ ಎಷ್ಟ ದಿನಾ ಬರತೀ? ಕಾಲೇಜಿಗೆ ಹೆಸರ ಹಚ್ಚು," ಎಂದರು.

ಮುಕ್ತ ವಿಶ್ವವಿದ್ಯಾಲಯದ ಬಿಎಗೆ ಆಕೆ ಹೆಸರು ಹಚ್ಚಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಇಂಗ್ಲಿಷನ್ನು ಒಂದು ವಿಷಯವಾಗಿ ತೆಗೆದುಕೊಂಡು. ಮಗಳ ವಯಸ್ಸಿನವರ ನಡುವೆ ಕೂತು ಪರೀಕ್ಷೆ ಬರೆದಳು. ಮೊದಲ ವರ್ಷದ ಫಲಿತಾಂಶ ಬಂದ ದಿನ ನಾನು ಅರ್ಜಿಯೊಂದನ್ನು ಬರೆಸಲು ಶೆಡ್ಡಿಗೆ ಹೋಗಿದ್ದೆ, ನನ್ನ ಫೋನಿನಲ್ಲಿ ನಂಬರು ಹಾಕಿ ನೋಡಿದ್ದು ಆಕೆಯೇ. ಇಂಗ್ಲಿಷಿನಲ್ಲಿ ಐವತ್ತೆಂಟು ಬಂದಿತ್ತು. ಭಾವುಸಾಹೇಬ ಪೇಢೆ ತರಲು ಹೋದ. ಅಕ್ಕುತಾಯಿ ನನಗೆ ಫೋನು ಮರಳಿ ಕೊಟ್ಟು, ಎದುರಿನ ಬೆಂಚಿನಲ್ಲಿ ಬಹಳ ಹೊತ್ತಿನಿಂದ ಕಾಯುತ್ತಿದ್ದ ಕಬ್ಬಿನ ಗದ್ದೆಯ ಮುದುಕನನ್ನು ಹತ್ತಿರ ಕರೆದಳು.

"ಬರ್ರಿ ಅಣ್ಣಾರ. ಏನ ಬರೀಬೇಕು, ನಿಮ್ಮ ಮಾತಿನ್ಯಾಗ ಹೇಳ್ರಿ."